ಪ್ಲೇಟಿನ ಮೇಲಿನ ಹೆಸರು

ನಾನು ಹುಡುಗನಾಗಿದ್ದಾಗ ನಮ್ಮ ನಡುಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಒಂದಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಂದೆಯವರು ಅದರ ಮುಚ್ಚಳ ತೆರೆಯುವರು. ಮುಳ್ಳು ಬದಲಾಯಿಸುವುದು ಅಣ್ಣನ ಕೆಲಸ. ಪ್ಲೇಟನ್ನು ಬಟ್ಟೆಯಿಂದ ಒರೆಸಿ ಕೊಡುವುದು ನನ್ನದು. ಒರೆಸುವಾಗಲೆಲ್ಲ ನಡುವಿನ ದುಂಡು ಕಾಗದವನ್ನು ನೋಡುತ್ತಿದ್ದೆ. ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿ. ಅದರ ಕೆಳಗೆ ಹಾಡಿದವರ ಹೆಸರು. ಹಾಡು ಆ ಹೆಸರಿನವರದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಚ್ಚಾದದ್ದು ಸುಳ್ಳಾಗುವುದುಂಟೆ?

ಅದೇ ನಾಯಿಯ ಚಿತ್ರ ಅಮೆರಿಕಾದ ವಿಕ್ಟರ್ ಕಂಪನಿಯ ಪ್ಲೇಟುಗಳ ಮೇಲೂ ಇತ್ತೆಂದು ಬಹಳ ವರ್ಷಗಳ ನಂತರ ತಿಳಿಯಿತು. ಆ ಕಂಪನಿಯ ಪ್ಲೇಟುಗಳ ಮೂಲಕವೇ ಆ ದೇಶದ ಗುಡ್ಡಗಾಡಿನ ಹಾಡುಗಳು ಲೋಕಪ್ರಸಿದ್ಧವಾದವು. ಇಂದು ಅವಕ್ಕೆ ಕಂಟ್ರಿ ಸಂಗೀತವೆಂದು ಹೆಸರು. ಗಿಟಾರು, ಪಿಟೀಲು, ಬ್ಯಾಂಜೋಗಳ ಹಿನ್ನೆಲೆಯಲ್ಲಿ ಮನೆ, ರೈಲು, ತಾಯಿ, ಸಾವು, ಕುಡಿತ, ಕೈತಪ್ಪಿದ ಒಲವು ಇವುಗಳನ್ನೇ ಹಾಡುವ ಸರಳ ಸಂಗೀತವದು. ಕೆಲವು ವರ್ಷಗಳಿಂದ ಅದರ ಹಳೆಯ ಹಾಡುಗಳನ್ನು ಕೇಳುವುದು, ಅವುಗಳ ಚರಿತ್ರೆಯನ್ನು ಹುಡುಕಿ ಓದುವುದು ನನಗೊಂದು ಗೀಳಾಗಿದೆ. ಓದಿದಷ್ಟೂ ಬಾಲ್ಯದ ಆ ನಂಬಿಕೆ ಸಡಿಲವಾಗುತ್ತ ಬಂದಿತು. ಪ್ಲೇಟಿನ ಮೇಲೆ ಒಂದು ಹೆಸರು. ಅದರ ಹಿಂದೆ ನಾಲ್ಕು ಹೆಸರು. ಆ ನಾಲ್ಕರಲ್ಲಿ ಎರಡನ್ನು ಬಹುಕಾಲ ಯಾರೂ ಕೇಳಿಯೇ ಇರಲಿಲ್ಲ.

ನಮ್ಮ ವಚನಕಾರರೂ ದಾಸರೂ ಹಾಡಿನ ಕೊನೆಗೆ ಅಂಕಿತವಿಟ್ಟರು. ಅದು ದೇವರ ಹೆಸರಾದರೂ ಕೇಳಿದವನಿಗೆ ಇದು ಬಸವಣ್ಣನವರದು, ಇದು ಪುರಂದರದಾಸರದು ಎಂದು ತಿಳಿಯುತ್ತದೆ. ಬಾಯಿಂದ ಬಾಯಿಗೆ ಹೋದಾಗ ಅಂಕಿತವೂ ಜೊತೆಗೆ ಹೋಗುತ್ತದೆ. ಅಮೆರಿಕಾದ ಹಾಡುಗಳಿಗೆ ಈ ಭಾಗ್ಯವಿಲ್ಲ. ಅವುಗಳ ಅಂಕಿತ ಹಾಡಿನೊಳಗಿಲ್ಲ, ಕಾಗದದ ಮೇಲಿದೆ. ಕಾಗದದ ಮೇಲೆ ಏನನ್ನು ಅಚ್ಚುಹಾಕಬೇಕೆಂಬುದು ಹಾಡಿನ ಕೈಯಲ್ಲಿರುವುದಿಲ್ಲ.

ಕಥೆ ಶುರುವಾಗುವುದು 1927ರ ಬೇಸಿಗೆಯಲ್ಲಿ, ಬ್ರಿಸ್ಟಲ್ ಎಂಬ ಸಣ್ಣ ಊರಿನಲ್ಲಿ. ಟೆನೆಸಿ, ವರ್ಜೀನಿಯಾ ಎರಡು ಸಂಸ್ಥಾನಗಳ ಗಡಿ ಈ ಊರಿನ ದೊಡ್ಡ ಬೀದಿಯ ನಡುವೆಯೇ ಹಾದುಹೋಗುತ್ತದೆ. ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬಾತ ಧ್ವನಿಮುದ್ರಣದ ಯಂತ್ರಗಳನ್ನು ತಂದು ಅಲ್ಲಿ ಟೋಪಿ ಕಂಪನಿಯೊಂದರ ಖಾಲಿ ಮಾಳಿಗೆಯಲ್ಲಿ ಇಳಿಸಿದ. ಗೋಡೆಗೆ ಕಂಬಳಿಗಳನ್ನು ಇಳಿಬಿಟ್ಟು ಹೊರಗಿನ ಸದ್ದು ತಡೆದ. ಹಿಂದೆ ಕಲಾವಿದರು ದೊಡ್ಡ ಕೊಳವೆಯೊಳಕ್ಕೆ ಕೂಗಿ ಹಾಡಬೇಕಿತ್ತು. 1925ರಲ್ಲಿ ವಿದ್ಯುತ್ ಮೈಕ್ರೋಫೋನು ಬಂದಮೇಲೆ ಮನೆಯಲ್ಲಿ ಗುನುಗುವ ದನಿಯೂ ಪ್ಲೇಟಿಗೆ ಇಳಿಯುವಂತಾಗಿತ್ತು. ಜುಲೈ 25ರಿಂದ ಆಗಸ್ಟ್ 5ರವರೆಗೆ 19 ತಂಡಗಳು ಆ ಮಾಳಿಗೆ ಹತ್ತಿ 76 ಹಾಡುಗಳನ್ನು ಹಾಡಿ ಇಳಿದವು. ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಗಾಯಕ ಹಿಂದಿನ ವರ್ಷ ಪ್ಲೇಟುಗಳಿಂದ 3,600 ಡಾಲರ್ ಸಂಪಾದಿಸಿದ್ದನೆಂದು ಊರಿನ ಪತ್ರಿಕೆ ಬರೆದದ್ದೇ ತಡ, ಗುಡ್ಡದ ಜನ ಸಿಕ್ಕ ಸಿಕ್ಕ ವಾಹನ ಹಿಡಿದು ಬಂದರಂತೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ಹಾಡಿಗೆ 50 ಡಾಲರ್ ಆ ಕಾಲದ ಬಡ ರೈತನಿಗೆ ಕಣ್ಣು ಕುಕ್ಕುವ ಹಣ.

ಪೀರನ ವ್ಯಾಪಾರದ ಗುಟ್ಟನ್ನು ಇಲ್ಲಿಯೇ ಹೇಳಿಬಿಡಬೇಕು. ಮುಂದಿನದೆಲ್ಲ ಅದರಿಂದಲೇ ಹುಟ್ಟಿತು. ಆತ ಕಂಪನಿಯಿಂದ ಸಂಬಳ ಕೇಳಲಿಲ್ಲ. ಹಾಡುಗಳ ಪ್ರಕಾಶನದ ಹಕ್ಕು ತನಗಿರಲಿ ಎಂದು ಕೇಳಿಕೊಂಡ. ಹಕ್ಕು ಬರಬೇಕಾದರೆ ಹಾಡಿಗೆ ಒಬ್ಬ ಕರ್ತೃ ಬೇಕು. ಎಲ್ಲರ ಬಾಯಲ್ಲಿರುವ ಹಳೆಯ ಹಾಡಿಗೆ ಕಾನೂನಿನ ದೃಷ್ಟಿಯಲ್ಲಿ ಒಡೆಯನಿಲ್ಲ. ಅದನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಹೊಸದಾಗಿ ಜೋಡಿಸಿದ್ದೆಂದು ದಾಖಲೆ ಮಾಡಿಸಿದರೆ ಒಡೆಯ ಹುಟ್ಟಿದ. ಆದ್ದರಿಂದ ಪೀರನಿಗೆ ಬೇಕಾದವರು ಬರಿಯ ಹಾಡುಗಾರರಲ್ಲ. ಯಾರೂ ದಾಖಲೆ ಮಾಡಿಸದ ಹಾಡುಗಳನ್ನು ತರಬಲ್ಲ ಹಾಡುಗಾರರು.

ಅಂಥವರು ಆಗಸ್ಟ್ 1ರಂದು ಅವನ ಮುಂದೆ ನಿಂತರು. ಕ್ಲಿಂಚ್ ಬೆಟ್ಟದ ಬುಡದ ಬಡ ಕಣಿವೆಯೊಂದರಿಂದ ಬಂದ ಮೂವರು: ಹಣ್ಣಿನ ಗಿಡ ಮಾರುತ್ತಿದ್ದ ಆಲ್ವಿನ್ ಪ್ಲೆಸೆಂಟ್ ಕಾರ್ಟರ್, ಜನ ಕರೆಯುತ್ತಿದ್ದುದು ಎ. ಪಿ. ಎಂದು, ಅವನ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ. ಪಿ.ಯ ತಮ್ಮನ ಹೆಂಡತಿಯೂ ಆದ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಸಾರಾಳ ಕಂಕುಳಲ್ಲಿ ಮೊಲೆಗೂಸು. ತಮ್ಮನ ಕಾರನ್ನು ಎರವಲು ಪಡೆದು, ದಾರಿಯಲ್ಲಿ ಟೈರು ಒಡೆಸಿಕೊಂಡು, ಸುಮಾರು 25 ಮೈಲಿ ಬರುವುದರಲ್ಲಿ ಇಡೀ ದಿನ ಕಳೆದಿತ್ತು. ಸಾರಾಳ ದನಿ ಕೇಳಿದ ಕೂಡಲೇ ಪೀರನಿಗೆ ಇವರು ಬೇಕೆನಿಸಿತು. ಎರಡು ದಿನಗಳಲ್ಲಿ ಆರು ಹಾಡುಗಳಾದವು. ಕೊನೆಯ ದಿನ 'ಸಿಂಗಲ್ ಗರ್ಲ್, ಮ್ಯಾರೀಡ್ ಗರ್ಲ್' ಎಂಬುದನ್ನು ಹಾಡೆಂದು ಪೀರ್ ಒತ್ತಾಯ ಮಾಡಿದ. ಮದುವೆಯಾಗದ ಹುಡುಗಿಯ ಸುಖವನ್ನೂ ಮದುವೆಯಾದವಳ ಪಾಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವ ಹಾಡು ಅದು. ಸಾರಾಳಿಗೆ ಅದು ಬೇಡವಾಗಿತ್ತು. ಆದರೂ ಹಾಡಿದಳು, ಜನ ಮೆಚ್ಚಿ ಕೊಂಡದ್ದೂ ಅದನ್ನೇ.

ಮೇಬೆಲ್‌ಳ ಗಿಟಾರ್ ವಾದನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದುವರೆಗೆ ಗಿಟಾರು ಹಾಡಿಗೆ ತಾಳ ಕೊಡುವ ವಾದ್ಯ. ಆಕೆ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿಯನ್ನೇ ನುಡಿಸುತ್ತ, ಉಳಿದ ಬೆರಳಿನಿಂದ ಸಣ್ಣ ತಂತಿಗಳನ್ನು ಸವರಿ ಲಯ ಹಿಡಿಯುತ್ತಿದ್ದಳು. ಒಬ್ಬಳೇ ಇಬ್ಬರ ಕೆಲಸ ಮಾಡಿದಂತೆ. 1928ರ 'ವೈಲ್ಡ್‌ವುಡ್ ಫ್ಲವರ್' ಪ್ಲೇಟಿನಲ್ಲಿ ಇದನ್ನು ಕೇಳಬಹುದು. ಅಮೆರಿಕಾದಲ್ಲಿ ಗಿಟಾರು ಕಲಿಯುವ ಹುಡುಗರಿಗೆ ಅದು ಇಂದಿಗೂ ಮೊದಲ ಪಾಠಗಳಲ್ಲೊಂದು. ಆದರೆ ಹಾಡು ಕಾರ್ಟರ್ ಮನೆತನದ್ದಲ್ಲ. ಅದು 1860ರಲ್ಲಿ ಅಚ್ಚಾದ ಪಟ್ಟಣದ ಗೀತೆ. ಸ್ವರ ಕೂಡಿಸಿದವನು ಜೋಸೆಫ್ ವೆಬ್‌ಸ್ಟರ್. ಪುಸ್ತಕದಿಂದ ಗುಡ್ಡಕ್ಕೆ ಏರಿ, ಮೂರು ತಲೆಮಾರು ಬಾಯಿಂದ ಬಾಯಿಗೆ ದಾಟಿ ಬಂದು, ಅದರ ಕೆಲವು ಮಾತುಗಳು ಒಡೆದು ಅರ್ಥವಿಲ್ಲದ ಶಬ್ದಗಳಾಗಿದ್ದವು. ಸಾರಾ ಆ ಒಡೆದ ಶಬ್ದಗಳನ್ನೇ ಗಂಭೀರವಾಗಿ ಹಾಡುತ್ತಾಳೆ. ಕೇಳುವವನಿಗೆ ಕೊರತೆಯೆನಿಸುವುದಿಲ್ಲ.

ಹೀಗೆಂದ ಮಾತ್ರಕ್ಕೆ ಎ. ಪಿ. ಕಾರ್ಟರನನ್ನು ಹಾಡುಗಳ್ಳನೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. 1907ರಲ್ಲಿ ಏಡಾ ಹ್ಯಾಬರ್‌ಷನ್, ಚಾರ್ಲ್ಸ್ ಗೇಬ್ರಿಯಲ್ ಎಂಬಿಬ್ಬರು ಚರ್ಚಿಗಾಗಿ ರಚಿಸಿದ ಕೀರ್ತನೆಯೊಂದಿತ್ತು. ಅಗಲಿದವರು ಪರಲೋಕದಲ್ಲಿ ಮತ್ತೆ ಒಂದುಗೂಡುವರೇ ಎಂಬುದು ಅದರ ಪ್ರಶ್ನೆ. ಎ. ಪಿ. ಆ ಪಲ್ಲವಿಯನ್ನು ಉಳಿಸಿಕೊಂಡು ನಡುವೆ ತಾಯಿಯ ಶವವನ್ನು ಹೊತ್ತ ಗಾಡಿಯನ್ನು ತಂದು ನಿಲ್ಲಿಸಿದ. ಪರಲೋಕದ ಹಾಡು ಮನೆಯಂಗಳಕ್ಕೆ ಇಳಿಯಿತು. 1935ರಲ್ಲಿ ಮುದ್ರಿತವಾದ ಆ 'ಕ್ಯಾನ್ ದ ಸರ್ಕಲ್ ಬಿ ಅನ್‌ಬ್ರೋಕನ್' ಇಂದು ಕಂಟ್ರಿ ಸಂಗೀತದ ಸಭೆಗಳಲ್ಲಿ ಎಲ್ಲರೂ ಕೂಡಿ ಹಾಡುವ ಮಂಗಳದಂತಾಗಿದೆ. ಹಾಡು ಕಾರ್ಟರನದೂ ಹೌದು, ಮೊದಲಿನ ಇಬ್ಬರದೂ ಹೌದು. ಕಾಗದದ ಮೇಲೆ ಮಾತ್ರ ಒಬ್ಬನದು.

ಹೊಸ ಪ್ಲೇಟಿಗೆ ಹೊಸ ಹಾಡು ಬೇಕು. ಎ. ಪಿ. ಕಣಿವೆ ಕಣಿವೆ ಅಲೆದು, ಕಂಡವರ ಜಗಲಿಯ ಮೇಲೆ ಕುಳಿತು ಹಾಡು ಬರೆದುಕೊಂಡು ಬರುತ್ತಿದ್ದ. ಆದರೆ ಅವನಿಗೊಂದು ತೊಡಕು: ಮಾತು ಬರೆದುಕೊಳ್ಳಬಲ್ಲ, ಧಾಟಿ ನೆನಪಿನಲ್ಲಿ ನಿಲ್ಲದು. 1928ರ ಡಿಸೆಂಬರಿನಲ್ಲಿ ಟೆನೆಸಿಯ ಕಿಂಗ್ಸ್‌ಪೋರ್ಟ್ ಎಂಬಲ್ಲಿ ಅವನಿಗೆ ಲೆಸ್ಲಿ ರಿಡಲ್ ಸಿಕ್ಕಿದ. ಕಪ್ಪು ಜನಾಂಗದ ಯುವಕ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ. ಬಂದೂಕಿನ ಅಪಘಾತದಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು. ಉಳಿದ ಬೆರಳುಗಳಲ್ಲೇ ಗಿಟಾರು ನುಡಿಸುವ ಅವನದೇ ಒಂದು ಕ್ರಮ ಮಾಡಿಕೊಂಡಿದ್ದ. ಒಮ್ಮೆ ಕೇಳಿದ ಧಾಟಿಯನ್ನು ಮರೆಯುತ್ತಿರಲಿಲ್ಲ. ಇಬ್ಬರೂ ಜೊತೆಯಾಗಿ ಹೊರಟರು. ಎ. ಪಿ. ಕಾಗದದ ಮೇಲೆ ಮಾತು ಹಿಡಿದ. ರಿಡಲ್ ತಲೆಯಲ್ಲಿ ಸ್ವರ ಹಿಡಿದ. ಅಪರಿಚಿತ ಬಿಳಿಯನಿಗೆ ಬಾಯಿಬಿಡದ ಕಪ್ಪು ಜನರ ಮನೆಗಳ, ಚರ್ಚುಗಳ ಬಾಗಿಲು ರಿಡಲ್ ಜೊತೆಗಿದ್ದುದರಿಂದ ತೆರೆಯಿತು. ಬಣ್ಣಭೇದದ ಕಾನೂನಿನ ದಿನಗಳವು. ಇಬ್ಬರೂ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವಂತಿರಲಿಲ್ಲ. ಆದರೂ ಕಾರ್ಟರರ ಮನೆಯಲ್ಲಿ ಅವನು ದಿನಗಟ್ಟಲೆ ಉಳಿಯುತ್ತಿದ್ದ. ಮೇಬೆಲ್ ಅವನ ಬೆರಳುಗಳನ್ನು ನೋಡಿ ಕಲಿತಳು. 'ಕ್ಯಾನನ್ ಬಾಲ್' ಮುಂತಾದ ಹಾಡುಗಳು ಅವನಿಂದಲೇ ಬಂದವು. ಪ್ಲೇಟಿನ ಮೇಲೆ ರಿಡಲ್‌ನ ಹೆಸರು ಬರಲಿಲ್ಲ.

ಇಷ್ಟನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾಲೇಜಿನ ರಜದಲ್ಲಿ ಅಜ್ಜಿಯ ಊರಿಗೆ ಹೋಗಿದ್ದಾಗ, ರಾಗಿ ಬೀಸಲು ಬರುತ್ತಿದ್ದ ಒಬ್ಬ ಮುದುಕಿಯಿಂದ ಹನ್ನೊಂದು ಬೀಸುವ ಪದಗಳನ್ನು ಬರೆದುಕೊಂಡಿದ್ದೆ. ಜನಪದ ಗೀತೆಗಳ ಹುಮ್ಮಸ್ಸು ನಮ್ಮೆಲ್ಲರ ತಲೆಗೂ ಏರಿದ್ದ ಕಾಲ. ಆ ನೋಟುಬುಕ್ಕು ಈಗಲೂ ನನ್ನ ಬಳಿ ಇದೆ. ಅಂದು ಸಂಜೆ ತೆಗೆದು ನೋಡಿದೆ. ಮೊದಲ ಹಾಳೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ 'ಸಂಗ್ರಾಹಕರು' ಎಂದು ಬರೆದು ಕೆಳಗೆ ನನ್ನ ಹೆಸರು ಬರೆದುಕೊಂಡಿದ್ದೇನೆ. ಹಾಡಿದಾಕೆಯ ಹೆಸರು ಯಾವ ಹಾಳೆಯಲ್ಲಿಯೂ ಇಲ್ಲ. ಎ. ಪಿ. ಕಾರ್ಟರನಿಗೆ ಬುದ್ಧಿ ಹೇಳಲು ನಾನು ಯಾರು?

ಇರಲಿ, ಬ್ರಿಸ್ಟಲ್ಲಿಗೆ ಹಿಂದಿರುಗೋಣ. ಕಾರ್ಟರರು ಹಾಡಿ ಹೋದ ಎರಡು ದಿನಕ್ಕೆ, ಆಗಸ್ಟ್ 4ರಂದು, ಅದೇ ಮಾಳಿಗೆಯನ್ನು ಸಣಕಲು ದೇಹದ ಜಿಮ್ಮಿ ರಾಡ್ಜರ್ಸ್ ಹತ್ತಿದ. ಮಿಸಿಸಿಪ್ಪಿಯ ಮೆರಿಡಿಯನ್ ಊರಿನ ಕಡೆಯವನು. ರೈಲಿನಲ್ಲಿ ಬ್ರೇಕಿನ ಕೆಲಸ ಮಾಡಿದವನು. 1924ರಲ್ಲಿ ಕ್ಷಯವೆಂದು ವೈದ್ಯರು ಹೇಳಿದ್ದರು. ಹುಡುಗನಾಗಿದ್ದಾಗ ಹಳಿ ಹಾಸುವ ಕಪ್ಪು ಕೂಲಿಗಳಿಗೆ ನೀರು ಹೊತ್ತುಕೊಡುತ್ತ ಅವರ ಹಾಡುಗಳನ್ನೂ ಮಾತಿನ ಧಾಟಿಯನ್ನೂ ಕಲಿತಿದ್ದ. ಅದಕ್ಕೆ ಅವನು ಯೋಡೆಲ್ ಸೇರಿಸಿದ. ನಮ್ಮ ಸಂಗೀತಗಾರರು ಕಳ್ಳಕಂಠವೆನ್ನುವ ದನಿಗೆ ಥಟ್ಟನೆ ಹಾರಿ ಮರಳಿ ಇಳಿಯುವ ಕೂಗು ಅದು. 1927ರ ನವೆಂಬರಿನಲ್ಲಿ ಕ್ಯಾಮ್ಡನ್ ನಗರದಲ್ಲಿ ಹಾಡಿದ 'ಬ್ಲೂ ಯೋಡೆಲ್' ಅವನನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಸರಣಿಯ 9ನೆಯದನ್ನು 1930ರ ಜುಲೈ 16ರಂದು ಹಾಲಿವುಡ್ಡಿನಲ್ಲಿ ಮುದ್ರಿಸಿದರು. ಅದರಲ್ಲಿ ಹಾಡಿನ ಜೊತೆಗೆ ತುತ್ತೂರಿಯೊಂದು ಬೆಣ್ಣೆಯಂತೆ ಹರಿದು ಬರುತ್ತದೆ. ಊದಿದವನು ಜಾಜ್ ಸಂಗೀತದ ಮಹಾಪುರುಷ ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋ ಅವನ ಹೆಂಡತಿ ಲಿಲ್‌ಳದು. ಇಬ್ಬರೂ ಕಪ್ಪು ಜನಾಂಗದವರು. ಪ್ಲೇಟಿನ ಕಾಗದದ ಮೇಲೆ ಇಬ್ಬರ ಹೆಸರೂ ಇಲ್ಲ.

ರಾಡ್ಜರ್ಸ್ ಹಾಡಿದ ಕಾಲ ಆರು ವರ್ಷವೂ ತುಂಬಲಿಲ್ಲ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ಹಾಡು ಹಾಡಿನ ನಡುವೆ ಮಂಚದ ಮೇಲೆ ಮಲಗಿ ದಣಿವಾರಿಸಿಕೊಳ್ಳುತ್ತ ಕೊನೆಯ ಹಾಡುಗಳನ್ನು ಮುಗಿಸಿದ. ಅದೇ 26ರಂದು ಹೋಟೆಲಿನ ಕೋಣೆಯಲ್ಲಿ ತೀರಿಕೊಂಡ. ವಯಸ್ಸು 35. ಅವನ ಕೊನೆಯ ಪ್ಲೇಟುಗಳನ್ನು ಕೇಳುವಾಗ ಉಸಿರು ಎಲ್ಲಿ ಸೋಲುತ್ತದೆಯೋ ಎಂದು ನಮ್ಮ ಎದೆಯೇ ಬಿಗಿಯುತ್ತದೆ.

ಪ್ಲೇಟಿನಷ್ಟೇ ಹಾಡನ್ನು ಹರಡಿದ್ದು ರೇಡಿಯೋ. ನ್ಯಾಶ್‌ವಿಲ್ ನಗರದಲ್ಲಿ ವಿಮಾ ಕಂಪನಿಯೊಂದು ನಡೆಸುತ್ತಿದ್ದ ಡಬ್ಲ್ಯೂಎಸ್ಎಂ ಬಾನುಲಿಯಲ್ಲಿ 1925ರ ನವೆಂಬರಿನಿಂದ ಶನಿವಾರ ರಾತ್ರಿ ಹಳ್ಳಿಯ ಸಂಗೀತ ಬರತೊಡಗಿತು. 1927ರ ಡಿಸೆಂಬರಿನ ಒಂದು ರಾತ್ರಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದೊಡನೆ ಈ ಕಾರ್ಯಕ್ರಮದ ಸರದಿ. ನಿರ್ವಾಹಕ ಜಾರ್ಜ್ ಹೇ ಮೌತ್ ಆರ್ಗನ್ ವಾದಕ ಡಿಫೋರ್ಡ್ ಬೇಲಿಯನ್ನು ಮುಂದೆ ಕರೆದ. ಬೇಲಿ ಆ ಪುಟ್ಟ ವಾದ್ಯದಲ್ಲಿ ಪ್ಯಾನ್ ಅಮೆರಿಕನ್ ರೈಲನ್ನೇ ಓಡಿಸಿದ. ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ಗ್ರ್ಯಾಂಡ್ ಓಲ್ ಆಪ್ರಿ ಕೇಳಿ ಎಂಬರ್ಥದಲ್ಲಿ ಹೇ ತಮಾಷೆ ಮಾಡಿದ. ಅದೇ ಹೆಸರಾಗಿ ನಿಂತಿತು. ಕಂಟ್ರಿ ಸಂಗೀತದ ಅತಿ ದೊಡ್ಡ ವೇದಿಕೆಗೆ ಇಂದಿಗೂ ಅದೇ ಹೆಸರು.

ಬೇಲಿ ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಡಿದು ಕುಳ್ಳಾಗಿ, ಬೆನ್ನು ಬಾಗಿ ಬೆಳೆದವನು. ಅವನೂ ಕಪ್ಪು ಜನಾಂಗದವನೇ. 1928ರಲ್ಲಿ ಆ ಕಾರ್ಯಕ್ರಮದ 52 ಶನಿವಾರಗಳಲ್ಲಿ 49ರಂದು ಅವನು ನುಡಿಸಿದ. ಕೇಳಿದ ಲಕ್ಷಾಂತರ ಮಂದಿಗೆ ಅವನ ಬಣ್ಣ ಗೊತ್ತಿರಲಿಲ್ಲ. ಮೌತ್ ಆರ್ಗನ್ನಿಗೆ ಬಣ್ಣವಿಲ್ಲವಷ್ಟೆ. ಊರೂರು ತಿರುಗುವಾಗ ಮಾತ್ರ ಜೊತೆಯವರು ಉಳಿದ ಹೋಟೆಲಿನಲ್ಲಿ ಅವನಿಗೆ ಜಾಗವಿರಲಿಲ್ಲ. 1941ರಲ್ಲಿ ಹಾಡುಗಳ ಹಕ್ಕಿನ ಶುಲ್ಕದ ವಿಷಯವಾಗಿ ರೇಡಿಯೋ ನಿಲಯಗಳಿಗೂ ಹಕ್ಕುದಾರರ ಸಂಘಕ್ಕೂ ಜಗಳ ಬಿದ್ದು, ಸಂಘದ ಪಟ್ಟಿಯಲ್ಲಿದ್ದ ಹಾಡುಗಳೆಲ್ಲ ನಿಂತವು. ಬೇಲಿಯ ಹೆಸರಾದ ವರಸೆಗಳೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಅವನನ್ನು ಕೆಲಸದಿಂದ ತೆಗೆದರು. ಹೊಸದನ್ನು ಕಲಿಯಲು ಸೋಮಾರಿತನ ಎಂದು ಹೇ ಮುಂದೆ ಪುಸ್ತಕದಲ್ಲಿ ಬರೆದ. ಆಪ್ರಿಯ ಹೆಸರಿಗೇ ಕಾರಣನಾದವನು ನ್ಯಾಶ್‌ವಿಲ್ಲಿನಲ್ಲಿಯೇ ಬೂಟು ಪಾಲಿಷ್ ಅಂಗಡಿ ಇಟ್ಟು ಜೀವನ ಮಾಡಿದ. 1982ರಲ್ಲಿ ಸತ್ತ. ಕಂಟ್ರಿ ಸಂಗೀತದ ಕೀರ್ತಿಶಾಲೆಯಲ್ಲಿ ಅವನ ಹೆಸರು ಕೆತ್ತಿದ್ದು 2005ರಲ್ಲಿ.

ಬೇಲಿಯನ್ನು ತೆಗೆದ ಎಂಟು ವರ್ಷಕ್ಕೆ, 1949ರ ಜೂನ್ 11ರಂದು, ಅದೇ ಆಪ್ರಿಯ ವೇದಿಕೆಗೆ ಅಲಬಾಮಾದ ಒಬ್ಬ ಯುವಕ ಬಂದು ನಿಂತ. ಹ್ಯಾಂಕ್ ವಿಲಿಯಮ್ಸ್, ವಯಸ್ಸು 25. 'ಲವ್‌ಸಿಕ್ ಬ್ಲೂಸ್' ಹಾಡಿದ. ಸಭೆ ಬಿಡಲಿಲ್ಲ, ಮತ್ತೆ ಮತ್ತೆ ಹಾಡಿಸಿತು. ಜನ ಅದನ್ನು ಹ್ಯಾಂಕನ ಹಾಡೆಂದೇ ತಿಳಿದರು, ಇಂದಿಗೂ ಹಾಗೆಯೇ ತಿಳಿದಿದ್ದಾರೆ. ನಿಜವಾಗಿ ಅದು 1922ರಲ್ಲಿ ಕ್ಲಿಫ್ ಫ್ರೆಂಡ್, ಅರ್ವಿಂಗ್ ಮಿಲ್ಸ್ ಎಂಬ ನ್ಯೂಯಾರ್ಕಿನ ವೃತ್ತಿಪರರು ನಾಟಕಕ್ಕಾಗಿ ಹೊಸೆದದ್ದು. ಹಾಡಿದವರೂ ಇಬ್ಬರು ಮೂವರು ಆಗಿಹೋಗಿದ್ದರು. ಹ್ಯಾಂಕನ ಪ್ರಕಾಶಕ ಫ್ರೆಡ್ ರೋಸ್ ಅದನ್ನು ಮುದ್ರಿಸುವುದೇ ಬೇಡವೆಂದಿದ್ದ. ಹ್ಯಾಂಕ್ ಹಟ ಹಿಡಿದ. ಅವನ ಗಂಟಲಿಗೆ ಬಂದಮೇಲೆ ನಾಟಕದ ಹಾಡು ನೋವಿನ ಹಾಡಾಯಿತು.

ಆ ಗಂಟಲಿಗೆ ಮೊದಲ ಪಾಠ ಹೇಳಿದವನು ರೂಫಸ್ ಪೇಯ್ನ್. ಜಾರ್ಜಿಯಾನ, ಗ್ರೀನ್‌ವಿಲ್ ಊರುಗಳ ಬೀದಿಯಲ್ಲಿ ಗಿಟಾರು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕಪ್ಪು ಹಾಡುಗಾರ. ಮಕ್ಕಳು ಅವನನ್ನು 'ಟೀ ಟಾಟ್' ಎನ್ನುತ್ತಿದ್ದರು. ಸಣಕಲು ಹುಡುಗ ಹ್ಯಾಂಕ್ ಅವನ ಹಿಂದೆಯೇ ಅಲೆಯುತ್ತಿದ್ದ. ಪಾಠಕ್ಕೆ ಪ್ರತಿಯಾಗಿ ಹ್ಯಾಂಕನ ತಾಯಿ ಅವನಿಗೆ ಊಟ ಹಾಕುತ್ತಿದ್ದಳು. ತನಗೆ ಸಂಗೀತ ಕಲಿಸಿದವನು ಅವನೊಬ್ಬನೇ ಎಂದು ಹ್ಯಾಂಕ್ ಹೆಸರಾದ ಮೇಲೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದನೆಂಬುದು ಅವನ ದೊಡ್ಡತನ. ಆದರೆ ಅಷ್ಟು ಹೊತ್ತಿಗೆ ಗುರು ಇರಲಿಲ್ಲ. ಪೇಯ್ನ್ 1939ರಲ್ಲಿಯೇ ಮಾಂಟ್‌ಗಮರಿ ನಗರದಲ್ಲಿ ಕಡುಬಡತನದಲ್ಲಿ ಸತ್ತು, ಗುರುತಿನ ಕಲ್ಲೂ ಇಲ್ಲದ ಸಮಾಧಿ ಸೇರಿದ್ದ. ಅವನ ಒಂದು ಹಾಡೂ ಮುದ್ರಣವಾಗಲಿಲ್ಲ. ಅವನ ದನಿಯನ್ನು ಕೇಳಬೇಕೆಂದರೆ ಹ್ಯಾಂಕನ ದನಿಯಲ್ಲಿಯೇ ಹುಡುಕಬೇಕು. ಶಿಷ್ಯನಿಗೂ ಆಯುಸ್ಸು ಸಾಲಲಿಲ್ಲ. ಕುಡಿತ, ಬೆನ್ನುನೋವು, ಮದ್ದು ಇವುಗಳಲ್ಲಿ ನವೆದು 1953ರ ಹೊಸವರ್ಷದ ದಿನ, ಕಚೇರಿಗೆ ಹೋಗುವ ದಾರಿಯಲ್ಲಿ ಕಾರಿನ ಹಿಂದಿನ ಆಸನದಲ್ಲಿಯೇ ಸತ್ತ. ವಯಸ್ಸು 29. 'ಯುವರ್ ಚೀಟಿನ್ ಹಾರ್ಟ್' ಪ್ಲೇಟು ಅಂಗಡಿಗೆ ಬಂದದ್ದು ಅವನ ಹೆಣ ಎತ್ತಿದ ಮೇಲೆ.

ಒಂದೇ ಧಾಟಿ ಎಷ್ಟು ಮನೆ ತಿರುಗಬಲ್ಲದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1929ರಲ್ಲಿ ಕಾರ್ಟರರು 'ಅಯಾಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್' ಎಂಬ ವಿರಹದ ಹಾಡನ್ನು ಹಾಡಿದರು. 1936ರಲ್ಲಿ ರಾಯ್ ಎಕಫ್ ಅದೇ ಧಾಟಿಗೆ ಕೂಡಿಸಿದ 'ಗ್ರೇಟ್ ಸ್ಪೆಕಲ್ಡ್ ಬರ್ಡ್' ಎಂಬ ಭಕ್ತಿಗೀತೆ ಹಾಡಿ ಹೆಸರಾದ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅದೇ ಧಾಟಿಯಲ್ಲಿ 'ವೈಲ್ಡ್ ಸೈಡ್ ಆಫ್ ಲೈಫ್' ಹಾಡಿದ. ಮನೆ ಬಿಟ್ಟು ಮದ್ಯದಂಗಡಿಯ ಬೆಳಕಿಗೆ ಮರುಳಾದ ಹೆಂಗಸನ್ನು ಹಳಿಯುವ ಹಾಡು. ಅದೇ ವರ್ಷ ಅದಕ್ಕೊಂದು ಉತ್ತರ ಬಂತು, ಅದೂ ಅದೇ ಧಾಟಿಯಲ್ಲಿ: 'ಇಟ್ ವಾಸ್‌ನ್ಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್'. ಹೆಂಗಸು ಕೆಟ್ಟಳೆನ್ನುವ ಮೊದಲು ಆಕೆಗೆ ದ್ರೋಹ ಮಾಡಿದ ಗಂಡಸನ್ನು ಕೇಳಿ ಎಂಬುದು ತಾತ್ಪರ್ಯ. ಬರೆದವನು ಜೆ. ಡಿ. ಮಿಲ್ಲರ್ ಎಂಬ ಗಂಡಸು. ಹಾಡಿದಾಕೆ ಕಿಟ್ಟಿ ವೆಲ್ಸ್. 32 ವರ್ಷದ ಗೃಹಿಣಿ, ಮೂರು ಮಕ್ಕಳ ತಾಯಿ. ಆ ದಿನದ ಕೂಲಿ 125 ಡಾಲರ್ ಸಿಕ್ಕರೆ ಸಾಕೆಂದು ಹೋಗಿದ್ದಳು. ಎನ್‌ಬಿಸಿ ರೇಡಿಯೋ ಹಾಡನ್ನು ತಡೆಯಿತು. ಆಪ್ರಿಯೂ ಮೊದಲಿಗೆ ಬೇಡವೆಂದಿತು. ಆದರೂ ಅದು ಪಟ್ಟಿಯ ತುದಿಗೆ ಏರಿತು. ಕಂಟ್ರಿ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಬ್ಬಳೇ ಹಾಡಿ ಮೊದಲ ಸ್ಥಾನ ಪಡೆದ ಮೊದಲ ಹೆಂಗಸು ಆಕೆ. ಬರೆದವನು ಗಂಡಸೆಂದು ಅದು ಹೆಂಗಸಿನ ಹಾಡಲ್ಲದೆ ಹೋಗುವುದೇ? ಆ ಮಾತಿಗೆ ಅರ್ಥ ಬಂದದ್ದು, ಗಂಟಲೆತ್ತದೆ, ಲೆಕ್ಕ ಒಪ್ಪಿಸುವಂತೆ ಹಾಡಿದ ಕಿಟ್ಟಿ ವೆಲ್ಸ್‌ಳ ಬಾಯಲ್ಲಿ.

ಹಾಗಾದರೆ ಹಾಡು ಬರೆದವರದೋ, ಹಾಡಿದವರದೋ? 'ಕ್ರೇಜಿ' ಕೇಳುವಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ವಿಲಿ ನೆಲ್ಸನ್ ಎಂಬ ಟೆಕ್ಸಾಸಿನ ಯುವಕ ಹಣಕ್ಕಾಗಿ ತನ್ನ 'ಫ್ಯಾಮಿಲಿ ಬೈಬಲ್' ಹಾಡನ್ನು 50 ಡಾಲರಿಗೆ ಪೂರ್ತಿ ಮಾರಿಬಿಟ್ಟಿದ್ದ. 1960ರಲ್ಲಿ ಮತ್ತೊಬ್ಬ ಹಾಡಿ ಅದು ಪ್ರಸಿದ್ಧವಾದಾಗ ಪ್ಲೇಟಿನ ಮೇಲೆ ವಿಲಿಯ ಹೆಸರಿರಲಿಲ್ಲ. ಮಾರನೆಯ ವರ್ಷ ಅವನ 'ಕ್ರೇಜಿ' ಪ್ಯಾಟ್ಸಿ ಕ್ಲೈನ್‌ಳ ಕೈಗೆ ಬಂತು. ಆಕೆಗೆ ಮೊದಲಿಗೆ ಹಿಡಿಸಲಿಲ್ಲ. 1961ರ ಜೂನಿನಲ್ಲಿ ಕಾರು ಅಪಘಾತದಲ್ಲಿ ಸಾವಿನ ಬಾಯಿಂದ ಬದುಕಿ ಬಂದಿದ್ದಳು. ಆಗಸ್ಟಿನಲ್ಲಿ ಮುದ್ರಣಕ್ಕೆ ನಿಂತಾಗ ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಎಟುಕಲಿಲ್ಲ. ನಾಲ್ಕು ಹಾಡು ಮುಗಿಸುವ ಹೊತ್ತೆಲ್ಲ ಆ ಒಂದಕ್ಕೇ ಹೋಯಿತು. ವಾದ್ಯಗಳನ್ನು ಮಾತ್ರ ಮುದ್ರಿಸಿಟ್ಟುಕೊಂಡು, ಕೆಲವು ವಾರಗಳ ಮೇಲೆ ಆಕೆ ಮರಳಿ ಬಂದು ದನಿ ಕೂಡಿಸಿದಳು. ಆ ದನಿಯಲ್ಲಿ ಅವಸರವಿಲ್ಲ, ಅಳುವೂ ಇಲ್ಲ. ತನ್ನ ಹುಚ್ಚುತನ ತನಗೇ ಗೊತ್ತಿರುವವಳ ಸಮಾಧಾನವಿದೆ. 1963ರ ಮಾರ್ಚ್ 5ರಂದು ವಿಮಾನ ಬಿದ್ದು ಆಕೆ ಸತ್ತಾಗ ವಯಸ್ಸು 30. ಹಾಡು ವಿಲಿಯದು, ಆದರೆ ಪ್ಯಾಟ್ಸಿಯನ್ನು ಬಿಟ್ಟು ಅದನ್ನು ನೆನೆಯಲು ನನ್ನಿಂದಾಗದು.

ಈ ಸಾಲಿನಲ್ಲಿ ಕೊನೆಗೆ ಒಬ್ಬಾಕೆ ಲೆಕ್ಕವನ್ನು ಸರಿಯಾಗಿ ಕಲಿತಳು. ಟೆನೆಸಿಯ ಗುಡ್ಡದ ಬಡಮನೆಯ ಡಾಲಿ ಪಾರ್ಟನ್ 'ಐ ವಿಲ್ ಆಲ್ವೇಸ್ ಲವ್ ಯೂ' ಬರೆದು ಹಾಡಿ 1974ರಲ್ಲಿ ಬಿಡುಗಡೆ ಮಾಡಿದಳು. ತನ್ನನ್ನು ಬೆಳೆಸಿದ ಪೋರ್ಟರ್ ವ್ಯಾಗನರ್‌ನನ್ನು ಬಿಟ್ಟು ಸ್ವಂತ ದಾರಿ ಹಿಡಿಯುವಾಗ ಹೇಳಿದ ವಿದಾಯ ಅದು. ಎಲ್ವಿಸ್ ಪ್ರೆಸ್ಲಿ ಅದನ್ನು ಹಾಡಬೇಕೆಂದು ಬಯಸಿದ. ಅವನ ವ್ಯವಹಾರ ನೋಡುತ್ತಿದ್ದ ಪಾರ್ಕರ್ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಕೇಳಿದ. ಆಕೆ ಒಲ್ಲೆನೆಂದಳು, ಮನೆಗೆ ಹೋಗಿ ರಾತ್ರಿಯೆಲ್ಲ ಅತ್ತಳಂತೆ. 1992ರಲ್ಲಿ ವಿಟ್ನಿ ಹೂಸ್ಟನ್ ಎಂಬ ಕಪ್ಪು ಗಾಯಕಿ ಸಿನಿಮಾ ಒಂದಕ್ಕಾಗಿ ಅದನ್ನು ಹಾಡಿದಾಗ ಲೋಕವೆಲ್ಲ ಕಿವಿಗೊಟ್ಟಿತು. ಕೀರ್ತಿ ಹಾಡಿದಾಕೆಗೆ ಬಂತು, ಬರೆದಾಕೆಯ ಪಾಲೂ ಕಾಗದದ ಮೇಲೆ ಭದ್ರವಾಗಿತ್ತು.

ಲೆಸ್ಲಿ ರಿಡಲ್‌ನ ಕಥೆಯ ಕೊನೆ ಹೇಳದೆ ಬಿಟ್ಟಿದ್ದೇನೆ. ಅವನು 1942ರಲ್ಲಿ ಊರು ಬಿಟ್ಟು ಉತ್ತರದ ರಾಚೆಸ್ಟರ್ ನಗರಕ್ಕೆ ಹೋದ. ಕೆಲವು ವರ್ಷಗಳಲ್ಲಿ ಗಿಟಾರನ್ನೂ ಮಾರಿಬಿಟ್ಟ. ಮುಪ್ಪಿನ ಕಡೆಗೆ ಸಾಗಿದ್ದ ಮೇಬೆಲ್ ಕಾರ್ಟರ್, ಹಳೆಯ ಹಾಡುಗಳನ್ನು ಹುಡುಕುತ್ತಿದ್ದ ಮೈಕ್ ಸೀಗರ್ ಎಂಬ ಸಂಗೀತಗಾರನ ಮುಂದೆ, ತಾನು ಕಲಿತದ್ದು ಇಂಥವನಿಂದ ಎಂದು ರಿಡಲ್‌ನ ಹೆಸರು ಹೇಳಿದಳು. ಸೀಗರ್ ಹುಡುಕಿಕೊಂಡು ಹೋಗಿ 1965ರಲ್ಲಿ ಅವನನ್ನು ಕಂಡ. ಮತ್ತೆ ಗಿಟಾರು ಹಿಡಿಸಿ ವರ್ಷಗಟ್ಟಲೆ ಮುದ್ರಿಸಿಕೊಂಡ. 1993ರಲ್ಲಿ ಆ ಹಾಡುಗಳು ಹೊರಬಂದಾಗ ರಿಡಲ್ ಬದುಕಿರಲಿಲ್ಲ. ಆದರೆ ಮುಖಪುಟದ ಮೇಲೆ ಅವನ ಹೆಸರಿತ್ತು. ಇಷ್ಟು ಆಗುವುದಕ್ಕೆ ಬೇಕಾದದ್ದು ಮೇಬೆಲ್ ಆಡಿದ ಒಂದು ಮಾತು.

ಹೋದ ತಿಂಗಳು ಅಜ್ಜಿಯ ಊರಿಗೆ ಹೋಗಿದ್ದೆ. ರಾಗಿ ಬೀಸಲು ಬರುತ್ತಿದ್ದ ಆ ಮುದುಕಿಯ ಹೆಸರೇನೆಂದು ಕೇಳಿದೆ. ಹೊಸಬರಿಗೆ ಗೊತ್ತಿಲ್ಲ. ತೊಂಬತ್ತರ ಹತ್ತಿರದ ಒಬ್ಬರು ಮಾತ್ರ ಬಹಳ ಹೊತ್ತು ಯೋಚಿಸಿ, "ಆಯಮ್ಮನ್ನ ಎಲ್ರೂ ಪದದಜ್ಜಿ ಅಂತಿದ್ರು ಕಣಪ್ಪ" ಎಂದರು. ಅವರಿಗೂ ಹೆಸರು ಗೊತ್ತಿರಲಿಲ್ಲ. ಮನೆಗೆ ಬಂದು ನೋಟುಬುಕ್ಕಿನ ಮೊದಲ ಹಾಳೆ ತೆಗೆದು ನನ್ನ ಹೆಸರಿನ ಮೇಲೆ, ಇದ್ದ ಸ್ವಲ್ಪ ಜಾಗದಲ್ಲಿ ಬರೆದೆ: ಹಾಡಿದವರು, ಪದದಜ್ಜಿ. ಅರವತ್ತು ವರ್ಷ ತಡವಾಯಿತು. ಇನ್ನೂ ತಡವಾಗುವುದು ಬೇಡವೆಂದು ಇಲ್ಲಿಯೂ ಬರೆದಿದ್ದೇನೆ.